ಹೆಸರು ಹೇಳಿದವರು

ಚುನಾವಣೆ ಬಂತೆಂದರೆ ನಮ್ಮಂಥ ಶಾಲಾ ಶಿಕ್ಷಕಿಯರಿಗೆ ಮತಗಟ್ಟೆಯ ಕೆಲಸ ತಪ್ಪಿದ್ದಲ್ಲ. ಒಮ್ಮೆ ಒಂದು ಹಳ್ಳಿಯಲ್ಲಿ, ಪಟ್ಟಿ ನೋಡಿ ಮತದಾರರ ಹೆಸರನ್ನು ಗಟ್ಟಿಯಾಗಿ ಓದುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಮೊಮ್ಮಗನ ತೋಳು ಹಿಡಿದು ಬಂದ ಅಜ್ಜಿಯೊಬ್ಬರನ್ನು “ನಿಮ್ಮ ಹೆಸರೇನಮ್ಮ?” ಎಂದೆ. ಮೊಮ್ಮಗ ಬಾಯಿ ತೆರೆದ. ಅಜ್ಜಿ, “ನನ್ನ ಹೆಸರು ನಾನೇ ಹೇಳ್ತೀನಿ, ನೀ ಸುಮ್ನಿರೋ” ಎಂದು ಗದರಿ, ಇಡೀ ಕೋಣೆಗೆ ಕೇಳುವಂತೆ ಹೇಳಿದರು. ಏಜೆಂಟರೆಲ್ಲ ನಕ್ಕರು. ನಾನೂ ನಕ್ಕೆ.

ನಗುವ ವಿಷಯ ಅದಲ್ಲವೆಂದು ತಿಳಿದದ್ದು, ಮುಂದೆ ಮಕ್ಕಳಿಗೆ ಪಾಠ ಮಾಡಲೆಂದು ನಮ್ಮ ಮೊದಲ ಮಹಾಚುನಾವಣೆಯ ಸಂಗತಿಗಳನ್ನು ಓದಿದಾಗ.

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆದ ಆ ಚುನಾವಣೆಯಲ್ಲಿ ಮತದಾರರು ಸುಮಾರು 17 ಕೋಟಿ. ಹೆಚ್ಚಿನವರಿಗೆ ಓದು ಬರಹವಿಲ್ಲ. ಆದ್ದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೊಂದು ಗುರುತು. ಪಟ್ಟಿ ತಯಾರಿಸುವವರು ಮನೆಮನೆಗೆ ಹೋದಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲೊಲ್ಲರು. ಇಂಥವನ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದರು. ಪರಪುರುಷನೆದುರು ಹೆಸರು ಹೇಳುವುದು ಮರ್ಯಾದೆಯಲ್ಲವೆಂದು ಅವರಿಗೆ ಚಿಕ್ಕಂದಿನಿಂದ ಕಲಿಸಲಾಗಿತ್ತು.

ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದಕ್ಕೆ ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದೆ ಮತವಿಲ್ಲ ಎಂದರು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚು ಕಾಲಾವಕಾಶವನ್ನೂ ಕೊಟ್ಟರು. ಆದರೂ ಸುಮಾರು 8 ಕೋಟಿ ಹೆಂಗಸರಲ್ಲಿ 28 ಲಕ್ಷದಷ್ಟು ಮಂದಿ ಪಟ್ಟಿಯಿಂದ ಬಿಟ್ಟುಹೋದರು. ಇದು ನಿಷ್ಠುರವಾಯಿತೇನೋ ಎಂದು ನನಗೂ ಅನ್ನಿಸಿದ್ದುಂಟು. ಬಿಟ್ಟುಹೋದವರನ್ನು ಹೇಡಿಗಳೆನ್ನಲು ನಾಲಿಗೆ ಏಳುವುದಿಲ್ಲ. ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿ ಬೆಳೆದ ನಮಗೆ ಆ ಸಂಕೋಚ ಗೊತ್ತಿಲ್ಲವೇ? ಆದರೆ ಅದೇ ಬೀದಿಯಲ್ಲಿ, ಅದೇ ಅತ್ತೆ ಮಾವನ ಎದುರಿಗೆ, ಸೆರಗಿನ ಮರೆಯಿಂದಲಾದರೂ ಹೆಸರು ಹೇಳಿ ಬರೆಸಿದವರೂ ಇದ್ದರು. ಅವರ ಧೈರ್ಯ ಮತಗಟ್ಟೆಯಲ್ಲಲ್ಲ, ತಮ್ಮ ಮನೆಯ ಹೊಸ್ತಿಲಲ್ಲೇ ಶುರುವಾಯಿತು.

ಅಂದಿನ ಪತ್ರಿಕೆಗಳ ಕೆಲವು ಸಂಪಾದಕರು ಈ ಚುನಾವಣೆಯನ್ನು ದೊಡ್ಡ ಜೂಜೆಂದೇ ಬಗೆದಿದ್ದರು. ಓದದವರಿಗೆ ಮತದ ಬೆಲೆ ಏನು ತಿಳಿದೀತು ಎಂಬ ಅನುಮಾನ. 1951ರ ಅಕ್ಟೋಬರ್ 25ರಂದು ಹಿಮಾಚಲದ ಕಲ್ಪಾದಲ್ಲಿ ಮತ ಹಾಕಿದ ಶಾಲಾ ಶಿಕ್ಷಕ ಶ್ಯಾಮ ಶರಣ ನೇಗಿಯವರನ್ನು ಸ್ವತಂತ್ರ ಭಾರತದ ಮೊದಲ ಮತದಾರರೆಂದು ಪತ್ರಿಕೆಗಳು ಮುಂದೆ ಮನೆಮಾತು ಮಾಡಿದವು. 2022ರಲ್ಲಿ ಅವರು ತೀರಿಕೊಂಡಾಗ ದೇಶವೇ ನೆನೆಯಿತು. ನನ್ನ ವೃತ್ತಿಯವರೊಬ್ಬರಿಗೆ ಸಂದ ಆ ಗೌರವ ನನಗೂ ಹೆಮ್ಮೆಯೇ. ಆದರೆ ಹೊಸ್ತಿಲಲ್ಲಿ ಹೆಸರು ಹೇಳಿದ ಹೆಂಗಸರ ಚಿತ್ರ ಯಾರು ತೆಗೆದರು?

ನಾನು ಹೇಳಿದ ಆ ಚುನಾವಣೆಯ ಮರುದಿನ ಪತ್ರಿಕೆಯಲ್ಲೊಂದು ಚಿತ್ರ ಬಂದಿತ್ತು. ಬೇರೆ ಊರಿನ ಮುದುಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಬೆರಳಲ್ಲಿ ಶಾಯಿಯ ಗುರುತು. 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆಯೇ ತಯಾರಿಸುತ್ತಿರುವ ಶಾಯಿ ಅದು. ಕೆಳಗೆ “ಮತ ಚಲಾಯಿಸಿದ ಹಿರಿಯಜ್ಜಿ” ಎಂದಿತ್ತು. ಹೆಸರಿರಲಿಲ್ಲ. ಹೊತ್ತು ತಂದ ಯುವಕರ ಹೆಸರುಗಳಿದ್ದವು.

2019ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಹೆಂಗಸರ ಮತದಾನದ ಪ್ರಮಾಣ ಗಂಡಸರದನ್ನು ಕೂದಲೆಳೆಯಷ್ಟು ಮೀರಿತು. 28 ಲಕ್ಷ ಹೆಸರು ಕಳೆದ ದೇಶ ನಡೆದ ದೂರ ಇದು. ಆದರೂ ಶಾಲೆಗೆ ಮಗು ಸೇರಿಸಲು ಬರುವ ಎಷ್ಟೋ ತಾಯಂದಿರು ಇಂದಿಗೂ ಹೆಸರು ಕೇಳಿದರೆ ಮೊದಲು ಗಂಡನ ಮುಖ ನೋಡುತ್ತಾರೆ. ಆಗ ನಾನು ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಅವಸರವೇನಿಲ್ಲ, ಅವರೇ ಹೇಳಲಿ.