ಮನೆಯ ಫಿಯೆಟ್ಟು: ಒಂದು ಸಣ್ಣ ಇತಿಹಾಸ

ಜಯನಗರದ ನಮ್ಮ ಮನೆಯ ಶೆಡ್ಡಿನಲ್ಲಿ 1981ರಿಂದಲೂ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅದರ ನಂಬರ್ ಪ್ಲೇಟು ‘ಕೆಎ’ ಎಂಬ ಅಕ್ಷರಗಳು ಬರುವುದಕ್ಕಿಂತ ಹಿಂದಿನ ಕಾಲದ್ದು. ನಮ್ಮ ತಂದೆಯವರು ಕೊನೆಯವರೆಗೂ ಅದನ್ನು ‘ಫಿಯೆಟ್ಟು’ ಎಂದೇ ಕರೆದರು. ನೋಂದಣಿಯ ಅವಧಿ 2026ಕ್ಕೆ ಮುಗಿಯುತ್ತದೆಂದು ತಿಳಿದಾಗ ನನ್ನ ಮಗ, “ಇನ್ನು ಸಾಕು ಅಪ್ಪಾ, ಗುಜರಿಗೆ ಕೊಟ್ಟುಬಿಡೋಣ” ಎಂದ. ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಬೋಧಿಸಿದವನು ನಾನು. ಒಂದು ವಸ್ತುವಿನ ಕಥೆ ಕೇಳದೆ ಅದನ್ನು ಕಳುಹಿಸಿಕೊಡಲು ಮನಸ್ಸು ಒಪ್ಪಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ನಾಡಿನಲ್ಲಿಯೇ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಕಾರು ಕಾರ್ಖಾನೆ ಸ್ಥಾಪಿಸುವ ಯೋಜನೆ ರೂಪಿಸಿ, ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ಅದಕ್ಕಾಗಿ ಶ್ರಮಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಅದೇ ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದೊಡಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಇಟಲಿಯ ಫಿಯೆಟ್ 1100 ಮಾದರಿಯನ್ನು ಅಲ್ಲಿ ತಯಾರಿಸಲಾಗುತ್ತಿತ್ತು. 1974ರಲ್ಲಿ ಅದಕ್ಕೆ ಚಿತ್ತೋರಿನ ರಾಣಿ ಪದ್ಮಿನಿಯ ಹೆಸರು ಬಂದಿತು.

ಅಂದು ಹಣವಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ. ಲೈಸೆನ್ಸ್ ರಾಜ್ಯದ ಆ ಕಾಲದಲ್ಲಿ ಕಾರಿನ ಹಂಚಿಕೆಯನ್ನೂ 1959ರ ಸರ್ಕಾರಿ ಆದೇಶವೊಂದು ನಿಯಂತ್ರಿಸುತ್ತಿತ್ತು. ನಮ್ಮ ತಂದೆಯವರು 1975ರಲ್ಲಿ ಮುಂಗಡ ಕಟ್ಟಿದವರು, ಕಾರನ್ನು ಕಂಡದ್ದು ಆರು ವರ್ಷಗಳ ಮೇಲೆ. ಅಷ್ಟು ಕಾದು ಪಡೆದ ವಸ್ತುವನ್ನು ಕೆಟ್ಟಿತೆಂದು ಬಿಸಾಡುವುದು ಅವರ ಕಲ್ಪನೆಗೂ ಮೀರಿದ್ದಾಗಿತ್ತು. ರಿಪೇರಿ ಎಂಬ ವಿದ್ಯೆ ನಮ್ಮಲ್ಲಿ ಬೆಳೆದದ್ದು ಹೀಗೆ, ಅಭಾವದ ಮಡಿಲಲ್ಲಿ.

ಭಾನುವಾರ ಬೆಳಿಗ್ಗೆ ತಂದೆಯವರು ಪಂಚೆ ಎತ್ತಿ ಕಟ್ಟಿ ಬಾನೆಟ್ ತೆರೆಯುತ್ತಿದ್ದರು. ಪಾಯಿಂಟ್ ಉಜ್ಜುವುದು, ಪ್ಲಗ್ ಶುಚಿಗೊಳಿಸುವುದು, ಕಾರ್ಬ್ಯುರೇಟರ್ ಕಸ ತೆಗೆಯುವುದು ಅವರ ವ್ರತವಾಗಿತ್ತು. ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಇಂಜಿನ್ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮರದ ನೆರಳಿನಲ್ಲಿ ಕಾಲು ಗಂಟೆ ಕಾಯುತ್ತಿದ್ದೆವು. ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯೇ ಗತಿ. ಅಂದ ಹಾಗೆ, ಆ ರಸ್ತೆಗೂ ನಮ್ಮ ಜಯನಗರಕ್ಕೂ ಜಯಚಾಮರಾಜೇಂದ್ರ ಒಡೆಯರ ಹೆಸರೇ ಇದೆ. ಬನಶಂಕರಿಯ ಮೆಕ್ಯಾನಿಕ್ ಒಬ್ಬರು ಕಿವಿಗೊಟ್ಟು ಆಲಿಸಿದೊಡನೆ ಟ್ಯಾಪೆಟ್ ಸಡಿಲವಾಗಿದೆಯೇ ಇಲ್ಲವೇ ಎಂದು ಹೇಳಿಬಿಡುತ್ತಿದ್ದರು.

1983ರ ಕೊನೆಯಲ್ಲಿ ಮಾರುತಿ ಬಂದಿತು. 1991ರ ನಂತರ ಮಾರುಕಟ್ಟೆಯೇ ತೆರೆಯಿತು. ನಮ್ಮ ಬೀದಿಯ ಫಿಯೆಟ್ಟುಗಳು ಒಂದೊಂದಾಗಿ ಮರೆಯಾದವು. ಪೆಟ್ರೋಲ್ ಕೂಡ ಬದಲಾಯಿತು. 2000ದಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂದಿತು. ಈಗ ಅದರಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆಯಾದ್ದರಿಂದ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಬದಲಿಸಬೇಕಾಯಿತು. ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ನಿರ್ಗಮಿಸಿತು. ನಮ್ಮ ಮೆಕ್ಯಾನಿಕ್ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅವರ ಮಗ ಕಂಪ್ಯೂಟರ್ ಜೋಡಿಸಿ ದೋಷ ಪತ್ತೆಹಚ್ಚುತ್ತಾನೆ. ನಮ್ಮ ಕಾರಿಗೆ ಜೋಡಿಸಲು ಜಾಗವೇ ಇಲ್ಲ!

ಕಾನೂನಿನ ಪ್ರಕಾರ 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 1996ರಿಂದ 2021ರವರೆಗೆ ಆರು ಬಾರಿ ಮಾಡಿಸಿದ್ದೇವೆ. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹೊಗೆಯ ಮಟ್ಟಿಗೆ ಹೊಸ ಕಾರುಗಳೇ ಮೇಲು ಎಂಬ ಮಗನ ವಾದವನ್ನು ನಾನು ಅಲ್ಲಗಳೆಯಲಾರೆ.

ಆದರೆ ಇನ್ನೊಂದು ಲೆಕ್ಕವೂ ಉಂಟು. 2021ರ ನಿಯಮಗಳಂತೆ, ಮೂಲರೂಪ ಕೆಡದ 50 ವರ್ಷ ದಾಟಿದ ಕಾರು ‘ವಿಂಟೇಜ್’ ಎನಿಸಿಕೊಳ್ಳಬಹುದು. ನಮ್ಮ ಫಿಯೆಟ್ಟಿಗೆ ಐವತ್ತು ತುಂಬುವುದು 2031ರಲ್ಲಿ. ಗುಜರಿಗೂ ಪರಂಪರೆಗೂ ನಡುವೆ ಉಳಿದಿರುವುದು ಒಂದೇ ಒಂದು ನವೀಕರಣ! ಆದರೆ ವಿಂಟೇಜ್ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ ಹೊರತರಬಹುದು. ಗೌರವ ಸಿಕ್ಕ ದಿನ ಕೆಲಸ ನಿಲ್ಲುತ್ತದೆ. ನಿವೃತ್ತನಾದ ನನಗೆ ಆ ಸ್ಥಿತಿ ಚೆನ್ನಾಗಿ ಗೊತ್ತು.

ಮಗನಿಗೆ ಹೇಳಿದೆ: “ಈ ಐದು ವರ್ಷ ನವೀಕರಿಸೋಣ. ಆದರೆ ಭಾನುವಾರ ಬಾನೆಟ್ ನೀನು ತೆರೆಯಬೇಕು.” ಅವನು ನಕ್ಕ. ಕಳೆದ ವಾರ ನಾಲ್ಕನೇ ಬ್ಲಾಕಿಗೆ ತರಕಾರಿ ತರಲು ಹೊರಟಾಗ ಇಂಜಿನ್ ತಡವರಿಸಿತು. ಅವನೇ ಇಳಿದು ಪಾಯಿಂಟ್ ಉಜ್ಜಿದ. ಕೈಗೆ ಕಪ್ಪಾಯಿತು. ಕಾರು ಹೊರಟಿತು.