ಒಳ್ಳೆಯ ಕಾಫಿಯ ಶೋಧನೆ

ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ ಎಂಬುದು ನಮ್ಮ ಕಡೆಯ ಹಳೆಯ ಮಾತು. ತೀರ್ಥಹಳ್ಳಿಯ ಕಡೆಯಿಂದ ಇಳಿದು ಬರುವ ತುಂಗೆಗೆ ಶಿವಮೊಗ್ಗದ ಸಮೀಪದ ಗಾಜನೂರಿನಲ್ಲಿ ಅಣೆಕಟ್ಟನ್ನು ಕಟ್ಟಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ನಾವೂ ನಮ್ಮ ಮಿತ್ರರೊಬ್ಬರೂ ಆ ಕಟ್ಟೆಯ ಬಳಿಯಿಂದ ಹೊರಟೆವು. ಉದ್ದೇಶ ಸಣ್ಣದು. ಶಿವಮೊಗ್ಗದಲ್ಲಿಯೂ ಭದ್ರಾವತಿಯಲ್ಲಿಯೂ ಒಳ್ಳೆಯ ಕಾಫಿ ಎಲ್ಲಿ ಸಿಕ್ಕುತ್ತದೆಂಬುದನ್ನು ನೋಡಿ ಬರಬೇಕು. ದೊಡ್ಡ ಕಂಪನಿಗಳ ಅಂಗಡಿಗಳನ್ನು ಬಿಟ್ಟು, ಯಜಮಾನರೇ ಗಲ್ಲಾದಲ್ಲಿ ಕುಳಿತಿರುವ ಸಣ್ಣ ಹೋಟಲುಗಳಿಗೆ ಮಾತ್ರ ಹೋಗುವುದೆಂದು ನಿಯಮ ಮಾಡಿಕೊಂಡೆವು.

ನೀರು ತುಂಗೆಯದಾದರೆ ಬೀಜ ಭದ್ರೆಯ ಕಡೆಯದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಐತಿಹ್ಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ಸಾಹುಕಾರರು ಆ ಸೀಮೆಯಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದರು. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿತು. ಭದ್ರೆಯು ಬಾಳೆಹೊನ್ನೂರನ್ನು ಹಾದು, ಭದ್ರಾವತಿಯನ್ನು ದಾಟಿ, ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ನೀರೂ ಬೀಜವೂ ಇಷ್ಟು ಹತ್ತಿರವಿರುವ ಊರುಗಳಲ್ಲಿ ಕಾಫಿ ಕೆಡುವುದಕ್ಕೆ ಕಾರಣವೇ ಇರಬಾರದಷ್ಟೆ.

ಆದರೆ ಬೆಳೆದವರೆಲ್ಲ ಕುಡಿದವರಲ್ಲ. ಬಹುಕಾಲ ಆ ಬೀಜವು ಹಡಗೇರಿ ಪರದೇಶಗಳಿಗೆ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಅತಿಥಿಗಳಿಗೆ ಸಲ್ಲುತ್ತಿದ್ದುದು ಬೆಲ್ಲ ನೀರು, ಮಜ್ಜಿಗೆ, ಕೊತ್ತಂಬರಿ ಜೀರಿಗೆಯ ಕಷಾಯ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾಫಿ ಸಾಮಾನ್ಯರ ಅಡಿಗೆಮನೆಯನ್ನು ಹೊಕ್ಕಾಗ ಹಿರಿಯರು ಅದನ್ನು ಹೊಸ ಚಟವೆಂದು ಗದರಿಸಿದರು. ಮಲೆನಾಡು ಅದಕ್ಕೆ ಬೆಲ್ಲ ಹಾಕಿ ತನ್ನದನ್ನಾಗಿ ಮಾಡಿಕೊಂಡಿತು. 1930ರ ಸುಮಾರಿಗೆ ಜಗತ್ತಿನ ವ್ಯಾಪಾರ ಕುಸಿದು ತೋಟಗಾರರು ಕಂಗೆಟ್ಟರು. ಆಗ ಭಾರತೀಯರಿಗೇ ಕಾಫಿ ಕುಡಿಯಲು ಕಲಿಸಬೇಕೆಂಬ ಯೋಚನೆ ಹುಟ್ಟಿತು. 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂದಿತು. ಮರುವರ್ಷ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಮಂಡಲಿಯು ಈ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಅವನ್ನು ನಡೆಸಿದರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು.

ನಮ್ಮ ಸೀಮೆಯಲ್ಲಿ ಹೋಟಲಿಗೆ ದಾರಿ ಮಾಡಿದ್ದು ರೈಲು ಮತ್ತು ಕಾರ್ಖಾನೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಿತು. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾದವು. ನಾನಾ ಊರುಗಳ ಜನ ಮನೆಬಿಟ್ಟು ಬಂದು ದುಡಿಯುವಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಪಾಳಿ ಮುಗಿಸಿ ಬರುವವರಿಗೆ ಬಿಸಿಯಾಗಿ ಏನನ್ನಾದರೂ ಕೊಡುವವರು ಬೇಕಲ್ಲವೆ? ಉಡುಪಿ ಕುಂದಾಪುರಗಳ ಕಡೆಯ ಅಡಿಗೆಯವರು ಘಟ್ಟ ಹತ್ತಿ ಬಂದು ಕನ್ನಡ ನಾಡಿನ ಊರೂರುಗಳಲ್ಲಿ ಒಲೆ ಹೂಡಿದರು. ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟಲು ಮುಂದೆ ಮಾವಳ್ಳಿ ಟಿಫಿನ್ ರೂಂ ಎಂದು ಪ್ರಖ್ಯಾತವಾಯಿತು. ಅದರ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಈ ಹೆಸರಿನಲ್ಲಿ ಒಂದು ಚರಿತ್ರೆಯೇ ಅಡಗಿದೆ. ಅದನ್ನು ತಿಳಿಯಲು ಕ್ಷಣಕಾಲ ಹೊರದೇಶಗಳ ಕಡೆ ನೋಡಬೇಕು. ಹದಿನಾರನೆಯ ಶತಮಾನದ ನಡುವೆ ಇಸ್ತಾಂಬುಲಿನಲ್ಲಿಯೂ 1652ರಲ್ಲಿ ಲಂಡನ್ನಿನಲ್ಲಿಯೂ ಕಾಫಿ ಮನೆಗಳು ತೆರೆದವು. ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟ ಗಂಡಸು ಯಾರ ಪಕ್ಕದಲ್ಲಿ ಬೇಕಾದರೂ ಕುಳಿತು ವಾದಿಸಬಹುದಾಗಿತ್ತು. ಎರಡನೆಯ ಚಾರ್ಲ್ಸ್ ದೊರೆ 1675ರ ಕೊನೆಯಲ್ಲಿ ಅವನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿ, ಜನರ ಗದ್ದಲಕ್ಕೆ ಅಂಜಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡನು. ದೊರೆ ಹೆದರಿದ್ದು ಪಾನೀಯಕ್ಕಲ್ಲ. ಅಪರಿಚಿತರು ಒಟ್ಟಿಗೆ ಕೂಡುವ ಬೆಂಚಿಗೆ.

ನಮ್ಮಲ್ಲಿ ಆ ಬೆಂಚು ಬಂದಿತು, ಆದರೆ ಇಬ್ಭಾಗವಾಗಿ ಬಂದಿತು. ಬ್ರಾಹ್ಮಣರ ಹೋಟಲು ಎಂಬ ಹಲಗೆ ಕೆಲಮಂದಿಗೆ ಮಡಿಯ ಭರವಸೆಯಾಗಿದ್ದರೆ ಉಳಿದವರಿಗೆ ಮುಚ್ಚಿದ ಬಾಗಿಲಾಗಿತ್ತು. ಒಳಗಿನ ಕೋಣೆ ಬ್ರಾಹ್ಮಣರಿಗೆ, ಹೊರಗಿನದು ಇತರರಿಗೆ ಎಂಬ ಏರ್ಪಾಡು ದಕ್ಷಿಣದ ಅನೇಕ ಹೋಟಲುಗಳಲ್ಲಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗಿನದೂ ಇರಲಿಲ್ಲ. ಹೆಂಗಸರಿಗೆ ಪರದೆ ಬಿಟ್ಟ ಫ್ಯಾಮಿಲಿ ರೂಮು ಮಾತ್ರ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಅಂಗಡಿ ಹೋಟಲುಗಳ ಹೆಸರೆತ್ತಿ, ಜಾತಿಮತಗಳ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ವಿಧಿಸಿತು. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಹೋಟಲಿನ ಪ್ರಸ್ತಾಪ ಬರಬೇಕಾದರೆ ಅದರ ಬಾಗಿಲಲ್ಲಿ ಎಷ್ಟು ಜನ ಅವಮಾನಪಟ್ಟಿರಬೇಕು! ಹಾಗೆ ತಡೆಯುವುದು 1955ರ ಕಾಯಿದೆಯಿಂದ ದಂಡನಾರ್ಹ ಅಪರಾಧವೂ ಆಯಿತು.

ಇಷ್ಟನ್ನು ನಾವು ಪುಸ್ತಕಗಳಿಂದ ಬಲ್ಲೆವು. ಮಿಕ್ಕದ್ದನ್ನು ಮಿತ್ರರಿಂದ ತಿಳಿದೆವು. ಗಾಂಧಿ ಬಜಾರಿನಲ್ಲಿ ಒಂದು, ದುರ್ಗಿಗುಡಿಯಲ್ಲಿ ಒಂದು, ಬಿ. ಎಚ್. ರಸ್ತೆಯಲ್ಲಿ ಎರಡು ಹೋಟಲುಗಳನ್ನು ಹೊಕ್ಕು ಹೊರಟೆವು. ಎಲ್ಲೆಡೆಯೂ ನಾವು ಹಿತ್ತಾಳೆಯ ಫಿಲ್ಟರನ್ನು ಹುಡುಕಿದೆವು. ಡಿಕಾಕ್ಷನ್ ಆಗತಾನೆ ಇಳಿದದ್ದೇ, ಚಿಕೋರಿ ಹೆಚ್ಚಾಗಿ ಬೀಜದ ಪರಿಮಳವನ್ನು ನುಂಗಿದೆಯೇ, ಹಾಲು ಮತ್ತೆ ಮತ್ತೆ ಕಾದು ಕೆನೆಗಟ್ಟಿದೆಯೇ ಎಂದು ಪರೀಕ್ಷಿಸಿದೆವು. ಮಿತ್ರರು ಮಾತ್ರ ಹೋದಲ್ಲೆಲ್ಲ ಲೋಟಗಳನ್ನು ಜೋಡಿಸಿಟ್ಟ ಹಲಗೆಯ ಕಡೆ ನೋಡುತ್ತಿದ್ದರು. ಕಾರಣ ಕೇಳಿದಾಗ ನಕ್ಕು ಹೇಳಿದರು: “ಮೇಷ್ಟ್ರೇ, ಇದು ಅಪ್ಪನಿಂದ ಬಂದ ಅಭ್ಯಾಸ. ರುಚಿ ಆಮೇಲೆ, ಮೊದಲು ಲೋಟ ಎಲ್ಲಿಟ್ಟಿದ್ದಾರೆ ನೋಡಬೇಕು.” ಅವರ ತಂದೆ ಹುಡುಗರಾಗಿದ್ದಾಗ ಹಳ್ಳಿಯ ಹೋಟಲೊಂದರಲ್ಲಿ ಅವರ ಕೇರಿಯವರಿಗಾಗಿ ಸೂರಿನಡಿಯಲ್ಲಿ ಬೇರೆ ಲೋಟಗಳನ್ನು ಇಟ್ಟಿದ್ದರಂತೆ. ತಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ದುದನ್ನು ಅಂಗಳದಲ್ಲಿ ನಿಂತು ಕುಡಿದು, ತೊಳೆದು ಅಲ್ಲಿಯೇ ಇಡಬೇಕು. ಕಾಯಿದೆ ಬಂದು ಐದಾರು ವರ್ಷಗಳಾದ ಮೇಲಿನ ಮಾತು ಇದು. “ಆ ಕಾಫಿ ಹೇಗಿರುತ್ತಿತ್ತಂತೆ?” ಎಂದು ಕೇಳಿದೆವು. “ತುಂಬ ಚೆನ್ನಾಗಿರುತ್ತಿತ್ತಂತೆ” ಎಂದರು. ನಮಗೆ ಮುಂದೆ ಮಾತು ಹೊರಡಲಿಲ್ಲ.

ಅಂದಿನಿಂದ ಕಾಲ ಬದಲಾಗಿದೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳು ಚೀಟಿ ಕೊಂಡವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದವು. ಆದರೆ ಬೆಂಚನ್ನು ತೆಗೆದುಬಿಟ್ಟವು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಅಂಥಲ್ಲಿ ತರುಣ ತರುಣಿಯರು ಗಂಟೆಗಟ್ಟಲೆ ಕುಳಿತಿರಬಹುದು, ಪರದೆಯ ಕಾಟವಿಲ್ಲ. ಆದರೆ ಅಲ್ಲಿಯ ಬೆಲೆ ಕೂಲಿಯವನನ್ನು ಹೊರಗೇ ನಿಲ್ಲಿಸುತ್ತದೆ. ಹಲಗೆಯಿಲ್ಲದ ತಡೆ ಇದು. ಹಳ್ಳಿಗಳ ಕಡೆಯಿಂದ ಬೇರೆ ಲೋಟದ ಸುದ್ದಿ ಕೂಡ ಇನ್ನೂ ಆಗಾಗ ಬರುವುದುಂಟು.

ಮಧ್ಯಾಹ್ನ ಭದ್ರಾವತಿಯಲ್ಲಿ ಕೊನೆಯದಾಗಿ ಹೊಕ್ಕ ಹೋಟಲು ಬಹಳ ಚಿಕ್ಕದು. ಕಾಫಿ ನಮ್ಮ ಪರೀಕ್ಷೆಯಲ್ಲಿ ಮಧ್ಯಮ ದರ್ಜೆಯದು. ಸಕ್ಕರೆ ಒಂದಿಷ್ಟು ಹೆಚ್ಚು. ಆದರೆ ನಮ್ಮ ಬೆಂಚಿನಲ್ಲಿಯೇ ಆಟೋ ಓಡಿಸುವವನೊಬ್ಬನೂ, ಸಂತೆಯ ಚೀಲವನ್ನು ಕಾಲಬಳಿ ಇಟ್ಟುಕೊಂಡ ಮುದುಕಿಯೊಬ್ಬಳೂ, ಪುಸ್ತಕ ಹಿಡಿದ ಇಬ್ಬರು ಹುಡುಗಿಯರೂ ಕುಳಿತಿದ್ದರು. ಲೋಟಗಳೆಲ್ಲ ಒಂದೇ ತೊಟ್ಟಿಯಲ್ಲಿ ತೊಳೆದು ಒಂದೇ ಹಲಗೆಯ ಮೇಲೆ ಕವುಚಿದ್ದವು. ಮಿತ್ರರು ಅತ್ತ ಒಮ್ಮೆ ನೋಡಿ ಇನ್ನೊಂದು ಕಾಫಿಗೆ ಹೇಳಿದರು. ಅಂದಿನ ಶೋಧನೆಯನ್ನು ನಾವು ಅಲ್ಲಿಗೇ ಮುಗಿಸಿದೆವು.