ಸುಳ್ಳು ಅರಸನ ಹಿಂದೆ ಹೋದವರು

"ಟೀಚರ್, ಕಲ್ಯಾಣಸ್ವಾಮಿ ನಿಜವಾದ ಅರಸ ಅಲ್ಲ ಅಂತಾದರೆ, ಅವನ ಹಿಂದೆ ಹೋದವರು ಮೋಸ ಹೋದ ಹಾಗಲ್ಲವಾ?"

ಅಮರ ಸುಳ್ಯದ ರೈತರ ದಂಗೆಯ ಕಥೆ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬಚಾವಾದೆ, ಪ್ರಶ್ನೆ ಮಾತ್ರ ನನ್ನ ಜೊತೆಗೇ ಮನೆಗೆ ಬಂತು.

1834ರ ಏಪ್ರಿಲ್‌ನಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಗೆ ಬಂದು, ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕೊಡಗಿನ ಪ್ರಜೆಗಳೇ ಒಕ್ಕೊರಲಿನಿಂದ ಬಯಸಿದ್ದರಿಂದ ರಾಜ್ಯ ವಹಿಸಿಕೊಂಡೆವೆಂದು ಘೋಷಣೆಯನ್ನೂ ಹೊರಡಿಸಿತು. ಈ ಅರಸನೇನೂ ಸಜ್ಜನನಲ್ಲ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅವನ ಕಾಲದಲ್ಲಿ ನಮ್ಮ ಘಟ್ಟದ ಕೆಳಗಿನ ರೈತ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದ ಕಂಪೆನಿ ನಗದು ಕೇಳಿತು. ಕೊಯ್ಲಿನ ಹೊತ್ತಿಗೆ ಎಲ್ಲರೂ ಭತ್ತ ಮಾರಲು ಹೊರಟರೆ ಕ್ರಯ ಏನಾಗುತ್ತದೆಂದು ಗದ್ದೆ ಇದ್ದ ಮನೆಯವರಿಗೆ ಗೊತ್ತು. ಉಪ್ಪು, ಹೊಗೆಸೊಪ್ಪುಗಳೂ ಸರಕಾರದ ಹಿಡಿತದಲ್ಲಿದ್ದವು. ಕೆಟ್ಟ ಅರಸನ ಮನೆತನವೂ ಮೂರೇ ವರ್ಷಗಳಲ್ಲಿ ಜನರಿಗೆ ಮತ್ತೆ ಬೇಕಾಯಿತು.

ದಂಗೆಯ ಯೋಜನೆ ಕೆದಂಬಾಡಿ ರಾಮಯ್ಯ ಗೌಡರದು. ಆದರೆ ಸೇನೆಗೆ ಅರಸುಮನೆತನದ ಹೆಸರು ಬೇಕಲ್ಲ? ಪುಟ್ಟಬಸಪ್ಪನೆಂಬ ರೈತನನ್ನೇ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. 1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಕೈಸೇರಿತು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು. ಬಾವುಟಗುಡ್ಡದಲ್ಲಿ ಅವರ ಬಾವುಟ ಹಾರಿತು. ಹದಿಮೂರು ದಿನ!

ಇವರೂ ಕೈಗೆ ರಕ್ತ ಅಂಟಿಸಿಕೊಳ್ಳದವರಲ್ಲ. ಕಂಪೆನಿಯ ಅಧಿಕಾರಿ ಅಟ್ಲೂರು ರಾಮಪ್ಪಯ್ಯನನ್ನು ಕೊಂದರು. ಮಂಗಳೂರಿನಲ್ಲಿ ಸೆರೆಮನೆ ಒಡೆದರು, ಕಚೇರಿಗೆ ಬೆಂಕಿ ಇಟ್ಟರು. ನಮ್ಮ ಕಡೆ ಹಳಬರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು ಉಳಿದದ್ದು ಹೀಗೆ. ಕಾಟಕಾಯಿ ಎಂದರೆ ಲೂಟಿ. ಗೆದ್ದವರು ಇಟ್ಟ ಹೆಸರನ್ನು ಸೋತವರ ಮೊಮ್ಮಕ್ಕಳೂ ಹೇಳುತ್ತಾ ಬಂದರು ಎನ್ನುವುದು ನನಗೆ ಈಗಲೂ ನೋವಿನ ಸಂಗತಿ.

ಕಣ್ಣೂರಿನ ಕಡೆಯಿಂದ ಸೈನ್ಯ ಬಂತು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಕಂಪೆನಿಯ ಪರ ನಿಂತ ಕೊಡಗಿನವರಿಗೆ ಪದಕಗಳು ಸಿಕ್ಕವು.

ಮರುದಿನ ಆ ಹುಡುಗಿಯನ್ನು ಕರೆದು ಹೇಳಿದೆ: "ಸುಳ್ಳು ಎರಡೂ ಕಡೆ ಇತ್ತು ಮಗಾ. ಪ್ರಜೆಗಳೇ ಕರೆದರು ಅಂದವರು ಆ ಸುಳ್ಳಿನಿಂದ ರಾಜ್ಯ ಪಡೆದರು. ನಾನೇ ಕಲ್ಯಾಣಸ್ವಾಮಿ ಅಂದವನು ಪ್ರಾಣ ಕೊಟ್ಟ."

ಅವಳು ಸುಲಭಕ್ಕೆ ಬಿಡುವವಳಲ್ಲ. "ಆದರೂ ಟೀಚರ್, ರಾಮಯ್ಯ ಗೌಡರು ತಮ್ಮ ಹೆಸರಲ್ಲೇ ಕರೆದಿದ್ದರೆ ಜನ ಬರುತ್ತಿರಲಿಲ್ಲವಾ?"

ಬರುತ್ತಿದ್ದರೇನೋ. ಬಾವುಟಗುಡ್ಡದಲ್ಲಿ 2022ರ ನವೆಂಬರ್‌ನಲ್ಲಿ ನಿಲ್ಲಿಸಿದ ಪ್ರತಿಮೆ ರಾಮಯ್ಯ ಗೌಡರದೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಹೋಗುವ ದಾರಿಯಲ್ಲಿ ಬಿಕರ್ನಕಟ್ಟೆಯಲ್ಲೂ ಇಳಿಸಬೇಕು.